ಉಸಿರಕ್ಕನ ಮೂರನೆಯ ಮಾತು

ಎಕ್ಸ್‌ರೇ ಕೋಣೆಯಲ್ಲಿ ಆಕೆಗೆ ದಿನವಿಡೀ ಬೇಕಾಗುತ್ತಿದ್ದ ಮಾತು ಎರಡೇ ಎರಡು. "ಉಸಿರು ಎಳ್ಕೊಳ್ಳಿ" ಎನ್ನುವುದೊಂದು, "ಹಿಡ್ಕೊಳ್ಳಿ" ಎನ್ನುವುದು ಇನ್ನೊಂದು. ಇಪ್ಪತ್ತೆರಡು ವರ್ಷ, ದಿನಕ್ಕೆ ಅರವತ್ತು ಎಪ್ಪತ್ತು ಸಲ ಇವೆರಡನ್ನೇ ಹೇಳಿದ್ದರಿಂದ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಮಿಕ್ಕವರ ಬಾಯಲ್ಲಿ ಆಕೆ ಉಸಿರಕ್ಕ ಆಗಿಬಿಟ್ಟಿದ್ದಳು. ಬೀದಿಯಲ್ಲಿ ಎದುರಾದ ಹಳೆಯ ರೋಗಿಗಳು ಮಾತಾಡಿಸುವ ಬದಲು ಎದೆಯುಬ್ಬಿಸಿ ನಿಂತು ತೋರಿಸುವುದೂ ಇತ್ತು. ಆಗ ಉಸಿರಕ್ಕ ನಾಚಿ, ಕೈಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿ, ಬಿರಬಿರನೆ ಹೆಜ್ಜೆ ಹಾಕುತ್ತಿದ್ದಳು.

ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಒಂದು ಗುಟ್ಟು ಹೇಳಿಕೊಟ್ಟಿದ್ದರು. "ನೋಡಮ್ಮ, ರೋಗಿ ಉಸಿರು ಹಿಡಿದಾಗ ನೀನೂ ಹಿಡಿ. ನಿನಗೆ ಸಾಕು ಅನ್ನಿಸೋ ಹೊತ್ತಿಗೆ ಅವರಿಗೆ ಸಾಕುಸಾಕಾಗಿರುತ್ತೆ. ಗಡಿಯಾರ ನೋಡ್ಕೊಂಡು ಗುಂಡಿ ಒತ್ತೋನಿಗೆ ಅದು ಗೊತ್ತಾಗಲ್ಲ." ಉಸಿರಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಟ್ಟುಕೊಂಡಳು. ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ನಿಂತು, ರೋಗಿಯ ಜೊತೆಗೇ ಎಳೆದು, ಜೊತೆಗೇ ಹಿಡಿದು, ಗುಂಡಿ ಒತ್ತುವಳು. ಯಂತ್ರ 'ಟಿಕ್' ಅನ್ನುವುದು. ಅಷ್ಟರಲ್ಲಿ ಪರದೆಯ ಮೇಲೆ ಬೂದು ಬಣ್ಣದಲ್ಲಿ ಒಬ್ಬ ಮನುಷ್ಯನ ಒಳಗು ಮೆಲ್ಲಗೆ ಮೂಡುವುದು.

ಉಸಿರಕ್ಕನ ಜೀವ ಇದ್ದದ್ದು ಆ ಮೂಡುವ ಗಳಿಗೆಯಲ್ಲಿ. ಮೊದಲು ಪಕ್ಕೆಲುಬು ಎಣಿಸಬೇಕು. ಶ್ವಾಸಕೋಶದ ಕಪ್ಪಿನ ಮೇಲೆ ಹಿಂಬದಿಯ ಹತ್ತು ಎಲುಬು ಕಂಡರೆ ಉಸಿರು ತುಂಬ ಎಳೆದಿದ್ದಾರೆ ಎಂದರ್ಥ. ಎಂಟೇ ಕಂಡರೆ ಅರೆಬರೆ ಎಳೆದಿದ್ದಾರೆ, ಇನ್ನೊಂದು ತೆಗೆಯಬೇಕಾದೀತು. ಎಣಿಸುತ್ತ ಎಣಿಸುತ್ತ ಇನ್ನೂ ಏನೇನೋ ಕಣ್ಣಿಗೆ ಬೀಳುತ್ತಿತ್ತು. ಎಂದೋ ಮುರಿದು ಕೂಡಿದ ಕೊರಳೆಲುಬು, ಯಾರಿಗೂ ಹೇಳದ ಬೆನ್ನಿನ ಸೊಟ್ಟ, ಎಲ್ಲರಂತಲ್ಲದ ಒಂದು ಹೆಚ್ಚಿನ ಪಕ್ಕೆಲುಬು. ಎದುರು ಕೂತು ಮಾತಾಡಲು ಸಂಕೋಚಪಡುವ ಉಸಿರಕ್ಕನಿಗೆ ಜನರನ್ನು ಹೀಗೆ ತಿಳಿದುಕೊಳ್ಳುವುದೇ ಹಿತವಾಗಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಇವಳು ಉತ್ತರ ಕೊಡಬೇಕಾಗಿರಲಿಲ್ಲ.

ಹೀಗಿರುವಾಗ ತಲೆ ತಿರುಗಲು ಶುರುವಾಯಿತು. ಮೊದಲ ಸಲ ಗೋಡೆ ಹಿಡಿದು ಸುಧಾರಿಸಿಕೊಂಡಳು. ಎರಡನೆಯ ಸಲ ಹಿಡಿಯಲು ಗೋಡೆ ಸಿಗಲಿಲ್ಲ. ಗಾಜಿನ ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದವಳನ್ನು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ ಮುದುಕರೊಬ್ಬರು ಬಗ್ಗಿ ನೋಡಿದರು. "ಏನಮ್ಮ, ಕಾಯಿಲೆ ನಂದು, ಬೀಳೋರು ನೀವಾ?"

ವಿಷಯ ದೊಡ್ಡ ಡಾಕ್ಟರ ಕಿವಿಗೆ ಹೋಯಿತು. ಅವರು ಎಕ್ಸ್‌ರೇ ವಿಭಾಗದ ಮುಖ್ಯಸ್ಥರು. ಉಸಿರಕ್ಕ ತೆಗೆದ ಚಿತ್ರಗಳನ್ನು ಓದಿ ವರದಿ ಬರೆಯುವವರು. ರಕ್ತ ನೋಡಿಸಿದರು, ಹೃದಯ ನೋಡಿಸಿದರು, ಕಿವಿಯೊಳಗೆ ದೀಪ ಬಿಟ್ಟು ನೋಡಿಸಿದರು. ಎಲ್ಲ ಸರಿ ಇತ್ತು.

"ಗಾಡೀಲಿ ಏನೂ ಕೆಟ್ಟಿಲ್ಲ, ಆದ್ರೂ ನಿಂತು ಹೋಗ್ತಾ ಇದೆ" ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿಮ್ಮ, ಆ ಯಂತ್ರದ ಪಕ್ಕ ನೀವು ಇನ್ನೊಂದು ಸಲ ಬಿದ್ರೆ ನಾನು ಸುಮ್ನಿರೋಕೆ ಆಗಲ್ಲ. ತಿಂಗಳ ಕೊನೆಗೆ ನಮ್ಮ ಸಿಬ್ಬಂದಿ ತಪಾಸಣೆ ಇದೆಯಲ್ಲ, ಅಲ್ಲೀವರೆಗೆ ನೋಡೋಣ. ಸರಿಹೋಗಲಿಲ್ಲ ಅಂದ್ರೆ ಹೊರಗೆ ಚೀಟಿ ಕೌಂಟರಿಗೆ ಬಂದುಬಿಡಿ. ಕೂತ್ಕೊಂಡು ಮಾಡೋ ಕೆಲಸ, ಆರಾಮ."

ಆರಾಮ! ಚೀಟಿ ಕೌಂಟರನ್ನು ನೆನೆದೇ ಉಸಿರಕ್ಕ ಕೈಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದಳು. ಬೆಳಗಿನಿಂದ ಸಂಜೆಯವರೆಗೆ ಮುಖಗಳು, ಬರೀ ಮುಖಗಳು. ಬರುವ ಮುಖವೆಲ್ಲ ಏನಾದರೊಂದು ಕೇಳುತ್ತದೆ, ಜಗಳಕ್ಕೆ ಬರುತ್ತದೆ. ಒಳಗೇನಿದೆ ಎಂದು ಮಾತ್ರ ಒಂದೂ ತೋರಿಸುವುದಿಲ್ಲ.

"ಅಷ್ಟರಲ್ಲಿ ಯೋಗ ಗೀಗ ಏನಾದ್ರೂ ಮಾಡಿ ನೋಡಿ" ಎಂದರು ಡಾಕ್ಟರು, ಮುಂದಿನ ಫೈಲು ತೆರೆಯುತ್ತ.

"ಯಾವ ಯೋಗ ಸರ್?"

"ಯಾವುದೋ ಒಂದು. ಎಲ್ಲಾ ಒಂದೇ ಅಲ್ವಾ?"

ಉಸಿರಕ್ಕ ಬಾಗಿಲ ತನಕ ಬಂದವಳು ಅಲ್ಲೇ ನಿಂತಳು. ಒಂದು ಮೊಣಕಾಲಿನ ಚಿತ್ರವನ್ನೇ ನಾಲ್ಕು ಬಗೆಯಲ್ಲಿ ತೆಗೆಯುತ್ತಾರೆ. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಹಾಗಿರುವಾಗ ಯೋಗ ಎಲ್ಲ ಒಂದೇ ಹೇಗಾದೀತು? ಹೆದರಿಕೆ ಒಂದು ಕಡೆ, ಈ ಪ್ರಶ್ನೆ ಇನ್ನೊಂದು ಕಡೆ. ಮನೆ ತಲುಪುವ ಹೊತ್ತಿಗೆ ಪ್ರಶ್ನೆಯ ತೂಕವೇ ಹೆಚ್ಚಾಗಿತ್ತು.

ಮನೆಯಲ್ಲಿ ಇದ್ದದ್ದು ಅತ್ತೆ ಒಬ್ಬರೇ. ಗಂಡ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ, ವರ್ಷಕ್ಕೆರಡು ಸಲ ಬರುವವ. ಅತ್ತೆ ಸೊಸೆ ಇಬ್ಬರೇ ಇದ್ದೂ ಇದ್ದೂ ಜಗಳಕ್ಕೂ ನಗುವಿಗೂ ಒಬ್ಬರಿಗೊಬ್ಬರೇ ಗತಿಯಾಗಿದ್ದರು.

"ಯೋಗದಲ್ಲಿ ಎಷ್ಟು ಬಗೆ ಅತ್ತೆ?"

ಅತ್ತೆ ಕಾಲು ನೀಡಿ ಕೂತಿದ್ದವರು ಕೂತಲ್ಲಿಂದಲೇ ಹೇಳಿದರು, "ನನಗೆ ಗೊತ್ತಿರೋದು ಎರಡೇ ಕಣೇ. ನೀನು ಪಾತ್ರೆ ತೊಳೆದ್ರೆ ಅದು ಕರ್ಮಯೋಗ. ನಾನು ಕೂತು ನೋಡ್ತಾ ಇದ್ರೆ ರಾಜಯೋಗ."

ನಗು ಮುಗಿದ ಮೇಲೆ ಅವರೇ ದಾರಿ ತೋರಿಸಿದರು. "ವಾಚನಾಲಯದ ಮಹಡಿ ಮೇಲೆ ಆ ಕಂಡಕ್ಟರಮ್ಮ ಹೇಳಿಕೊಡ್ತಾಳಂತೆ, ಹೋಗು. ಮೂವತ್ತು ವರ್ಷ ಬಸ್ಸಲ್ಲಿ ನಿಂತ್ಕೊಂಡೇ ಬಂದೋಳು. ಬೆನ್ನು ಮುರಿದು ಮೂಲೆ ಸೇರಿದೋಳು ಈಗ ನೋಡು, ಹುಣಿಸೆ ಬರಲಿನ ಥರ ಬಳುಕ್ತಾಳೆ."

ಮರುದಿನ ಬೆಳಿಗ್ಗೆ ಉಸಿರಕ್ಕ ಮಹಡಿ ಹತ್ತಿದಳು. ಬಾಗಿಲ ಮೇಲೆ ಹಲಗೆಯೊಂದನ್ನು ತೂಗುಹಾಕಿ ಸೀಮೆಸುಣ್ಣದಲ್ಲಿ ದಿನಕ್ಕೊಂದು ಬಗೆ ಬರೆದಿದ್ದರು. ಬೇಗಬೇಗ ಮಾಡುವ ನಮಸ್ಕಾರಗಳು, ನಿಧಾನದ ಆಸನಗಳು, ಕುರ್ಚಿಯ ಮೇಲಿನ ಯೋಗ, ಪ್ರಾಣಾಯಾಮ, ಯೋಗನಿದ್ರೆ. ಉಸಿರಕ್ಕ ಅದನ್ನು ಎರಡು ಸಲ ಓದಿದಳು. ಒಳಗಿನಿಂದ ದಪ್ಪ ದನಿಯೊಂದು ಬಂತು. "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಒಳಗೆ ಜಾಗ ಇದೆ!"

ಕಂಡಕ್ಟರಮ್ಮ ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ದನಿ ನಿವೃತ್ತಿಯಾಗಿರಲಿಲ್ಲ. ಬೂದು ಬಣ್ಣದ ಸಡಿಲ ಉಡುಪು, ಮೋಟು ಜಡೆ. ನಿಂತ ನೆಲ ಅಲ್ಲಾಡದಿದ್ದರೂ ಅಲ್ಲಾಡುತ್ತಿದೆಯೇನೋ ಎಂಬಂತೆ ಎರಡು ಪಾದ ಅಗಲಿಸಿ ನಿಲ್ಲುವ ಅಭ್ಯಾಸ.

"ನನಗೆ ಯಾವುದು ಬೇಕು ಅಂತ ಗೊತ್ತಿಲ್ಲ" ಎಂದಳು ಉಸಿರಕ್ಕ, ಆದಷ್ಟು ಮೆಲ್ಲಗೆ.

"ಎಲ್ಲಿಗೆ ಹೋಗಬೇಕು ಅಂತ ಹೇಳಿದ್ರೆ ತಾನೇ ಟಿಕೆಟ್ ಕೊಡೋದು?"

"ತಲೆ ತಿರುಗುತ್ತೆ. ಯಾಕೆ ಅಂತ ಡಾಕ್ಟ್ರಿಗೂ ಗೊತ್ತಾಗಿಲ್ಲ. ತಿಂಗಳ ಕೊನೆಯೊಳಗೆ ನಿಲ್ಲಬೇಕು."

ಕಂಡಕ್ಟರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಸರಿ, ಒಂದು ವಾರ ಎಲ್ಲಾ ಬಸ್ಸೂ ಹತ್ತಿ ಇಳೀರಿ. ತಲೆ ತಿರುಗಿದ್ರೆ ತಕ್ಷಣ ಕೂತ್ಕೊಳ್ಳಿ, ಮರ್ಯಾದೆ ನೋಡಬೇಡಿ. ಬಸ್ಸಲ್ಲಿ ಬಿದ್ದೋರನ್ನ ನಾನು ತುಂಬ ಎತ್ತಿದೀನಿ, ಈಗ ಸಾಕಾಗಿದೆ."

ಆ ವಾರ ಉಸಿರಕ್ಕನಿಗೆ ಹೊಸ ಊರಿಗೆ ಬಂದಂತಾಯಿತು. ನಮಸ್ಕಾರಗಳ ದಿನ ಹನ್ನೆರಡು ಜನ ಒಟ್ಟಿಗೆ ಬಗ್ಗಿ, ಒಟ್ಟಿಗೆ ಕಾಲು ಹಿಂದೆ ಒಯ್ದು, ಒಟ್ಟಿಗೆ ಹೆಡೆ ಎತ್ತಿದಂತೆ ಎದೆ ಎತ್ತಿದರು. ಹೊರಗಿನಿಂದ ಅದು ಅಂಗಸಾಧನೆ; ಉಸಿರಕ್ಕನ ಕಣ್ಣಿಗೆ ಬಟ್ಟೆ ತೊಟ್ಟ ಹನ್ನೆರಡು ಎಲುಬುಗೂಡುಗಳು. ಮುಂದಿದ್ದ ಗಡ್ಡದವರ ಎಡಭುಜ ಬಲಕ್ಕಿಂತ ಒಂದು ಬೆರಳು ಮೇಲಿರುವುದು ಅವಳಿಗೆ ಮೂರನೆಯ ಸುತ್ತಿನಲ್ಲೇ ಗೊತ್ತಾಯಿತು. ಅದನ್ನೇ ನೋಡುತ್ತ ಎಲ್ಲರೂ ಎದ್ದಾಗ ಇವಳು ಬಗ್ಗಿದಳು, ಎಲ್ಲರೂ ಬಗ್ಗಿದಾಗ ಎದ್ದಳು.

"ಎದುರು ದಿಕ್ಕಿನ ಬಸ್ಸು ಬರ್ತಾ ಇದೆ, ದಾರಿ ಬಿಡಿ!" ಎಂದರು ಕಂಡಕ್ಟರಮ್ಮ.

ನಿಧಾನದ ಆಸನಗಳ ದಿನ ಒಂದೇ ಭಂಗಿಯಲ್ಲಿ ಎರಡು ಮೂರು ನಿಮಿಷ. ಸೊಂಟದ ಕೀಲು 'ಆಗಲ್ಲ' ಅಂದದ್ದು 'ನೋಡೋಣ' ಅಂದು, ಆಮೇಲೆ 'ಆಯ್ತು ಬಿಡು' ಅನ್ನುವುದನ್ನು ಉಸಿರಕ್ಕ ಒಳಗಿನಿಂದ ಕೇಳಿಸಿಕೊಂಡಳು. ಕುರ್ಚಿಯ ದಿನ ಎಂಬತ್ತು ದಾಟಿದ ಅಕ್ಕತಂಗಿಯರು ಕೂತಲ್ಲೇ ಬೆನ್ನು ತಿರುಚಿ, ಅದೇ ನೆಪದಲ್ಲಿ ಹಿಂದಿನ ಸಾಲಿನ ಸುದ್ದಿಯನ್ನೆಲ್ಲ ಕೇಳಿಸಿಕೊಂಡರು. ದಿನವೂ ಪಾಠ ಮುಗಿದ ಮೇಲೆ ಉಸಿರಕ್ಕ ಹಿಂದೆ ಉಳಿದು ಒಂದಲ್ಲ ಒಂದು ಕೇಳುವಳು. ಬೇಗ ಮಾಡಿದ್ದಕ್ಕೂ ನಿಧಾನ ಮಾಡಿದ್ದಕ್ಕೂ ಬೇರೆ ಬೇರೆ ಫಲವಾ? ಕುರ್ಚಿಯಲ್ಲಿ ಮಾಡಿದರೆ ಕಡಿಮೆ ಆಯಿತಾ?

"ಕಡಿಮೆ ಯಾಕಾಗುತ್ತೆ? ಸೀಟಲ್ಲಿ ಕೂತು ಬಂದೋರೂ ಅದೇ ಊರು ಸೇರ್ತಾರೆ, ನಿಂತು ಬಂದೋರೂ ಅದೇ ಊರು ಸೇರ್ತಾರೆ" ಎಂದು ಕಂಡಕ್ಟರಮ್ಮ ಚಾಪೆ ಸುತ್ತಿದರು. "ಬೇಗ ಮಾಡಿದ್ರೆ ರಕ್ತ ಓಡುತ್ತೆ, ಮೈ ಬಿಸಿಯಾಗುತ್ತೆ. ನಿಧಾನ ಮಾಡಿದ್ರೆ ಬಿಗಿದಿದ್ದು ಸಡಿಲ ಆಗುತ್ತೆ. ಯಾರಿಗೆ ಏನು ಬಿಗಿದಿದೆ ಅನ್ನೋದು ಅವರವರು ಹುಡುಕಬೇಕು. ನಿಮಗೆ ಏನು ಬಿಗಿದಿದೆಯೋ ನನಗಿನ್ನೂ ಸಿಕ್ಕಿಲ್ಲ."

ಅದು ಸಿಕ್ಕಿದ್ದು ಪ್ರಾಣಾಯಾಮದ ದಿನ. ಸಿಕ್ಕಿತು ಎನ್ನುವುದಕ್ಕಿಂತ ಅದರ ಬಾಲ ಕಂಡಿತು ಎನ್ನಬೇಕು.

"ಇದರಲ್ಲಿ ದೊಡ್ಡ ದೊಡ್ಡ ಹೆಸರಿದೆ, ಹೆದರಬೇಡಿ" ಎಂದು ಕಂಡಕ್ಟರಮ್ಮ ಶುರುಮಾಡಿದರು. "ಪೂರಕ ಅಂದ್ರೆ ಬಸ್ಸು ಹತ್ತೋದು. ಕುಂಭಕ ಅಂದ್ರೆ ಒಳಗೆ ಕೂತಿರೋದು. ರೇಚಕ ಅಂದ್ರೆ ಇಳಿಯೋದು. ಕೂತಿರೋದು ಸ್ವಲ್ಪವೇ ಹೊತ್ತು. ಎಲ್ಲಾರೂ ಕಣ್ಮುಚ್ಚಿ. ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..."

ಇಪ್ಪತ್ತೆರಡು ವರ್ಷ ತಾನು ಹೇಳಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಉಸಿರಕ್ಕನ ಮೈ ತಾನಾಗಿಯೇ ನೆಟ್ಟಗಾಯಿತು. ಗದ್ದ ಮೇಲೆ, ಹೆಗಲು ಮುಂದೆ. ಎಳೆದಳು, ಹಿಡಿದಳು. "ಬಿಡಿ" ಎಂದದ್ದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸುತ್ತಲೂ ಹನ್ನೆರಡು ಮೂಗುಗಳಿಂದ ಗಾಳಿ ಹೊರಟಿತು, ಮತ್ತೆ ಒಳಬಂತು, ಮತ್ತೆ ಹೊರಟಿತು. ಉಸಿರಕ್ಕ ಗದ್ದ ಎತ್ತಿಕೊಂಡು ಹಾಗೇ ಕೂತಿದ್ದಳು.

ಹೆಗಲ ಮೇಲೆ ಕೈ ಬಿತ್ತು. "ಏನಮ್ಮ, ಇಳಿಯೋ ಸ್ಟಾಪು ಹೋಗಿ ಎರಡಾಯ್ತು. ಇಳಿಯಲ್ವಾ?"

ಉಸಿರಕ್ಕ ಬುಸ್ಸೆಂದು ಬಿಟ್ಟು ಕಣ್ಣು ತೆರೆದಳು. ಕೋಣೆ ಅರ್ಧ ಸುತ್ತು ಸುತ್ತಿ ನಿಂತಿತು. "ಸದ್ದು ಬರಲಿಲ್ಲ" ಎಂದಳು.

"ಯಾವ ಸದ್ದು?"

"ಟಿಕ್."

ಎಲ್ಲರೂ ಗೊಳ್ಳೆಂದು ನಕ್ಕರು. ಉಸಿರಕ್ಕನ ಕಿವಿ ಕೆಂಪಾಯಿತು. ಕಂಡಕ್ಟರಮ್ಮ ಮಾತ್ರ ನಗಲಿಲ್ಲ. ಪಾಠ ಮುಗಿದ ಮೇಲೆ ಅವಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಕೆಲಸದ ಬಗ್ಗೆ ಒಂದೊಂದಾಗಿ ಕೇಳಿದರು. ಇವಳು ಎರಡು ಮಾತಿನ ಕತೆ, ಹಿರಿಯರ ಗುಟ್ಟು, ಎಲ್ಲ ಹೇಳಿದಳು.

"ರೋಗಿ ಎಷ್ಟು ಹೊತ್ತು ಹಿಡೀತಾರೆ?"

"ಎರಡು ಮೂರು ಸೆಕೆಂಡು ಅಷ್ಟೇ."

"ಅಷ್ಟಕ್ಕೆಲ್ಲ ತಲೆ ತಿರುಗಲ್ಲ. ಇನ್ನೇನೋ ಇದೆ." ಅವರ ಕಣ್ಣಲ್ಲೂ ಈಗ ಕುತೂಹಲ. "ನಿಮಗೆ ಸದ್ಯಕ್ಕೆ ಕುಂಭಕ ಬೇಡವೇ ಬೇಡ. ಬಿಡೋದು ಮಾತ್ರ, ಉದ್ದಕ್ಕೆ ಬಿಡೋದು. ಮತ್ತೆ ಎಲ್ಲೆಲ್ಲಿ ಉಸಿರು ನಿಲ್ಲುತ್ತೆ ಅಂತ ಪತ್ತೆ ಹಚ್ಚಿ. ನಿಮಗೇ ಗೊತ್ತಾಗಲ್ಲ, ಯಾರಿಗಾದ್ರೂ ಕಾವಲು ಕೂರಕ್ಕೆ ಹೇಳಿ."

ಕಾವಲಿಗೆ ಅತ್ತೆಗಿಂತ ಬೇಕೆ? ಅಂದಿನಿಂದ ರಾಜಯೋಗಕ್ಕೆ ಒಂದು ಉದ್ಯೋಗ ಸಿಕ್ಕಿತು. ಉಸಿರಕ್ಕ ಹುರುಳಿಕಾಯಿ ನಾರು ಬಿಡಿಸುತ್ತಿದ್ದರೆ ಪಕ್ಕದಿಂದ "ನಿಂತಿತು!" ಎಂಬ ಕೂಗು. ಸೂಜಿಗೆ ದಾರ ಪೋಣಿಸುತ್ತಿದ್ದರೆ "ನಿಂತೇ ಹೋಯ್ತು!" ಗಂಡನ ಕಾಗದ ಒಡೆಯುತ್ತಿದ್ದಾಗ, "ಏನೇ ಇದು, ಅವನ ಕಾಗದಕ್ಕೂ ಉಸಿರು ಹಿಡೀತೀಯಲ್ಲ! ನಾನಾದ್ರೆ ಅವನ ಅಕ್ಷರ ನೋಡಿ ಉಸಿರೇ ಬಿಟ್ಟುಬಿಡ್ತಿದ್ದೆ."

ನಾಲ್ಕು ದಿನದ ಕಾವಲಿನ ನಂತರ ಅತ್ತೆ ತೀರ್ಪು ಕೊಟ್ಟರು. "ಗುಡಿಸುವಾಗ ಸರಿಯಾಗಿ ಆಡುತ್ತೆ. ಅನ್ನ ಬಸಿಯುವಾಗ ಆಡುತ್ತೆ. ಕಣ್ಣು ಕೀಲಿಸಿ ಏನಾದ್ರೂ ನೋಡಕ್ಕೆ ಕೂತೆ ಅಂದ್ರೆ ಮಾತ್ರ ನಿಲ್ಲುತ್ತೆ. ಅದು ಮುಗಿಯೋವರೆಗೆ ಮೀನು ಕಾಯೋ ಕೊಕ್ಕರೆ ಥರ ನಿಂತ್ಬಿಡ್ತೀಯ."

ಆಸ್ಪತ್ರೆಯಲ್ಲಿ ನಿಲ್ಲುತ್ತದೆಯೋ ಇಲ್ಲವೋ ನೋಡಲು ಅತ್ತೆಯನ್ನು ಸೀಸದ ಗಾಜಿನ ಹಿಂದೆ ಕೂರಿಸುವಂತಿರಲಿಲ್ಲ. ತಿಂಗಳು ಮುಗಿಯಲು ಇನ್ನು ಹನ್ನೊಂದೇ ದಿನ. ಅಷ್ಟರಲ್ಲಿ ಕಂಡಕ್ಟರಮ್ಮ ಒಂದು ಚೀಟಿ ಹಿಡಿದು ತಾವೇ ಎಕ್ಸ್‌ರೇ ಕೋಣೆಗೆ ಬಂದರು. ಕಣ್ಣಿನ ಪೊರೆ ತೆಗೆಸಬೇಕಿತ್ತಂತೆ. ಶಸ್ತ್ರಚಿಕಿತ್ಸೆಗೆ ಮೊದಲು ಎದೆಯ ಚಿತ್ರ ಬೇಕೆಂದು ಕಣ್ಣಿನ ಡಾಕ್ಟರು ಬರೆದಿದ್ದರು.

ಉಸಿರಕ್ಕ ಚೀಟಿಯನ್ನು ತಟ್ಟನೆ ಕೈಗೆ ತೆಗೆದುಕೊಂಡಳು. ದಿನಾ ಉಸಿರಾಟವನ್ನೇ ಕಲಿಸುವವರ ಚಿತ್ರದಲ್ಲಿ ಎಷ್ಟು ಪಕ್ಕೆಲುಬು ಕಂಡೀತು? ಸುಮ್ಮನೆ ನೋಡುವ ಆಸೆಗೆ ಯಾರ ಚಿತ್ರವನ್ನೂ ತೆಗೆಯುವಂತಿಲ್ಲ. ಆದರೆ ಇದು ತಾನಾಗಿಯೇ ಒದಗಿ ಬಂದದ್ದು. ತನ್ನದು ಕಳೆದ ವರ್ಷದ ತಪಾಸಣೆಯಲ್ಲಿ ಎಂಟೂವರೆ ಇತ್ತು. ಎಲ್ಲರಿಗೂ ತುಂಬ ಎಳೆಯಿರಿ ಎನ್ನುವವಳದೇ ಎಂಟೂವರೆ! ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕಂಡಕ್ಟರಮ್ಮನನ್ನು ಫಲಕಕ್ಕೆ ಎದೆ ತಾಗಿಸಿ ನಿಲ್ಲಿಸಿದಳು. ಗದ್ದ ಎತ್ತಿಸಿ, ಹೆಗಲು ಮುಂದೆ ತಳ್ಳಿ, ಗಾಜಿನ ಹಿಂದೆ ಬಂದಳು. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ." ಟಿಕ್. ಪರದೆಯತ್ತ ತಿರುಗಿದಳು.

ಬೂದು ಬಣ್ಣದಲ್ಲಿ ಒಂದು ಎಲುಬುಗೂಡು ಮೂಡಿತು. ಒಂದು, ಎರಡು, ಮೂರು... ಶ್ವಾಸಕೋಶದ ಕೆಳಗಿನ ಪರೆ, ಅಂದರೆ ವಪೆ, ಇಳಿದೇ ಇಳಿದಿತ್ತು. ಎಂಟು, ಒಂಬತ್ತು, ಹತ್ತು... ಅಬ್ಬಾ, ಹನ್ನೊಂದರ ಅಂಚು! ಬೆನ್ನುಮೂಳೆಯ ನಡುವೆ ಹಳೆಯ ನೋವಿನ ಜಾಗವೂ ಕಂಡಿತು. ಬಲಹೆಗಲ ಮೂಳೆ ಸವೆದಿತ್ತು. ಮೂವತ್ತು ವರ್ಷ ಬಸ್ಸಿನ ಕಂಬಿ ಹಿಡಿದ ಹೆಗಲು ಇದೇ ಇರಬೇಕು ಎಂದುಕೊಂಡಳು. ಉಸಿರಕ್ಕ ಇನ್ನೂ ಹತ್ತಿರ ಬಗ್ಗಿದಳು.

ಏನೋ ಸರಿಯಿಲ್ಲ ಅನ್ನಿಸಿ ತಲೆ ಎತ್ತಿದರೆ, ಕಂಡಕ್ಟರಮ್ಮ ಇನ್ನೂ ಹಾಗೆಯೇ ನಿಂತಿದ್ದರು. ಫಲಕಕ್ಕೆ ಎದೆ ತಾಗಿಸಿಕೊಂಡೇ ಕತ್ತು ತಿರುಗಿಸಿ ಗಾಜಿನ ಕಡೆ ನೋಡುತ್ತಿದ್ದರು. ಕೆನ್ನೆ ಕೆಂಪಾಗಿತ್ತು. ಎತ್ತಿದ ಕೈಯಲ್ಲಿ ಬೆರಳುಗಳು ಒಂದೊಂದಾಗಿ ಮಡಚಿ, ಬಿಚ್ಚಿ, ಎಣಿಸುತ್ತಿದ್ದವು.

"ಅಯ್ಯೋ, ಬಿಡಿ! ಬಿಡಿ!"

ಕಂಡಕ್ಟರಮ್ಮ ಬಿಟ್ಟರು. ಅದೇ ಕ್ಷಣ ಗಾಜಿನ ಈಚೆಗೂ ಅಷ್ಟೇ ದೊಡ್ಡದೊಂದು ಉಸಿರು ಹೊರಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಮೂವತ್ತೆಂಟು" ಎಂದರು ಕಂಡಕ್ಟರಮ್ಮ ಏದುಸಿರು ಬಿಡುತ್ತ. "ಮೂವತ್ತೆಂಟು ಎಣಿಸಿದೆ. ಬಿಡಿ ಅಂತ ನೀವು ಹೇಳ್ತೀರೇನೋ ಅಂತ ಕಾದೆ ಕಾದೆ."

"ನಾನು ಯಾವತ್ತೂ ಹೇಳೇ ಇಲ್ಲ" ಎಂದಳು ಉಸಿರಕ್ಕ ನಿಧಾನವಾಗಿ. "ಟಿಕ್ ಅಂದ ತಕ್ಷಣ ಎಲ್ಲರೂ ತಾವೇ ಬಿಟ್ಟುಬಿಡ್ತಾರೆ."

"ಎಲ್ಲರೂ ಬಿಡ್ತಾರೆ. ನೀವು?"

ಉಸಿರಕ್ಕ ಪರದೆಯನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ರೋಗಿಗಾಗಿ ಹಿಡಿದ ಉಸಿರು. ರೋಗಿ ಬಿಟ್ಟು, ಅಂಗಿ ತೊಟ್ಟು, ಕೆಲವರು ಬಾಗಿಲು ದಾಟಿ ಹೋಗುವವರೆಗೂ ಅವಳ ಎದೆಯಲ್ಲೇ ಉಳಿದುಬಿಡುತ್ತಿತ್ತು. ಎಲುಬು ಎಣಿಸಿ, ಸೊಟ್ಟ ನೋಡಿ, ಬೆರಗು ಮುಗಿದ ಮೇಲೆ ಒಂಚೂರು ಉಸಿರನ್ನು ಕದ್ದುಮುಚ್ಚಿ ಹೊರಬಿಟ್ಟು, "ಮುಂದಿನೋರು ಬನ್ನಿ." ಮತ್ತೆ ಎಳೆ, ಮತ್ತೆ ಹಿಡಿ. ದಿನಕ್ಕೆ ಎಪ್ಪತ್ತು ಸಲ. ಕಾಯಿಲೆಯ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳಿಗೆ ಜನರ ಒಳಗನ್ನು ನೋಡುವ ಆಸೆ ಇತ್ತು, ಅಷ್ಟೇ.

"ಹಾಗಾದ್ರೆ ನಾನು ನೋಡೋದನ್ನೇ ಬಿಡಬೇಕಾ?" ಅವಳ ದನಿ ಬಿದ್ದುಹೋಗಿತ್ತು.

"ಯಾಕೆ? ನೋಡಿ, ಕಣ್ತುಂಬ ನೋಡಿ. ಉಸಿರನ್ನ ಇಳಿಸಿ ಆಮೇಲೆ ನೋಡಿ. ಬಸ್ಸಿಂದ ಇಳಿಯದೇ ಊರು ನೋಡ್ತೀನಿ ಅಂದ್ರೆ ಹೇಗೆ?" ಕಂಡಕ್ಟರಮ್ಮ ಅಂಗಿ ಸರಿಮಾಡಿಕೊಂಡು ಗಾಜಿನ ಹತ್ತಿರ ಬಂದರು. ದನಿ ತಗ್ಗಿಸಿ, "ಅಂದ ಹಾಗೆ, ಎಷ್ಟಿದೆ ನಂದು?"

"ಹತ್ತೂಮುಕ್ಕಾಲು."

"ನೋಡಿದ್ರಾ!" ಅವರು ಮಗುವಿನಂತೆ ಹಿಗ್ಗಿದರು.

ಮರುದಿನದಿಂದ ಎಕ್ಸ್‌ರೇ ಕೋಣೆಯಲ್ಲಿ ಮಾತು ಮೂರಾಯಿತು. ಎಳ್ಕೊಳ್ಳಿ, ಹಿಡ್ಕೊಳ್ಳಿ, ಟಿಕ್, ಬಿಡಿ. ಹೇಳುವಾಗ ತಾನೂ ಬಿಡಬೇಕು, ಬಿಟ್ಟ ಮೇಲೆಯೇ ಪರದೆಯತ್ತ ತಿರುಗಬೇಕು. ಕೇಳಲು ಸುಲಭ. ಇಪ್ಪತ್ತೆರಡು ವರ್ಷ ಎರಡೇ ಮಾತಾಡಿದ ನಾಲಿಗೆ ಮೂರನೆಯದಕ್ಕೆ ತಡವರಿಸಿತು. ಒಮ್ಮೆ ಟಿಕ್‌ಗೆ ಮೊದಲೇ "ಬಿಡಿ" ಅಂದು ಒಂದು ಚಿತ್ರ ಮಸುಕಾಯಿತು. ಬೆಳಗಿನ ಪಾಠದಲ್ಲಿ ಅವಳು ಈಗ ಉದ್ದದ ರೇಚಕವನ್ನೇ ಹಿಡಿದಿದ್ದಳು. ಯೋಗನಿದ್ರೆಯ ದಿನ ಚಾಪೆಯ ಮೇಲೆ ಮಲಗಿ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲಬಿಡುತ್ತ ಹೋದಾಗ, ಕಣ್ಣು ಮುಚ್ಚಿಕೊಂಡೇ ತನ್ನ ಒಳಗನ್ನು ನೋಡುತ್ತಿದ್ದೇನೆ ಅನ್ನಿಸಿತು. ನೋಡುತ್ತಿದ್ದಾಗಲೂ ಉಸಿರು ಆಡುತ್ತಲೇ ಇತ್ತು. ಇದೇ ಅವಳಿಗೆ ದೊಡ್ಡ ಸೋಜಿಗ.

ತಪಾಸಣೆಗೆ ಮೂರು ದಿನ ಇರುವಾಗ ಹೆಂಚಿನ ಕಾರ್ಖಾನೆಯವರು ಬಂದರು. ವರ್ಷಕ್ಕೊಮ್ಮೆ ಅಲ್ಲಿನ ಕೆಲಸಗಾರರ ಎದೆ ಪರೀಕ್ಷೆ; ಒಂದೇ ದಿನ ನೂರಾ ಹತ್ತು ಜನ. ಓಣಿಯ ಉದ್ದಕ್ಕೂ ಸಾಲು. ಎರಡನೆಯ ಸಲ ಬಿದ್ದದ್ದು ಆ ದಿನದ ಬರೀ ಐವತ್ತೊಂಬತ್ತನೆಯ ರೋಗಿಗೆ ಎಂಬುದು ಉಸಿರಕ್ಕನಿಗೆ ನೆನಪಿತ್ತು. ದೊಡ್ಡ ಡಾಕ್ಟರು ಏನೋ ಕೆಲಸವಿದ್ದವರಂತೆ ಅಲ್ಲಿಂದಿಲ್ಲಿಗೆ ಎರಡು ಸಲ ಓಡಾಡಿ ಇಣುಕಿದರು.

ಐವತ್ತೊಂಬತ್ತು ದಾಟಿತು, ಎಪ್ಪತ್ತು ದಾಟಿತು. ಸಾಲಿನವರಿಗೆ ಬಾಗಿಲಾಚೆಯಿಂದಲೇ ಮೂರು ಮಾತೂ ಬಾಯಿಪಾಠವಾಗಿ, ಒಳಗೆ "ಬಿಡಿ" ಅಂದರೆ ಹೊರಗೆ ಓಣಿಯ ತುಂಬ ನಿಟ್ಟುಸಿರು. ಎಂಬತ್ತಮೂರನೆಯವನು ಈ ವರ್ಷವಷ್ಟೇ ಕಾರ್ಖಾನೆ ಸೇರಿದ, ಅಗಲ ಭುಜದ ಕುಲುಮೆ ಕೆಲಸದವನು. ಎಳೆದ, ಹಿಡಿದ, ಟಿಕ್. ಪರದೆಯ ಮೇಲಿನ ಚಿತ್ರ ಉಸಿರಕ್ಕನ ಕಣ್ಣಂಚಿಗೆ ಬಿತ್ತು.

ಹೃದಯ ಬಲಗಡೆ ಇತ್ತು.

ಎಡಬಲದ ಗುರುತನ್ನು ತಿರುಗುಮುರುಗು ಇಟ್ಟೆನೇ? ಇಲ್ಲ, ಗುರುತು ಸರಿಯಾಗಿತ್ತು. ಹಾಗಾದರೆ? ಹೊಟ್ಟೆಯ ಗಾಳಿಗುಳ್ಳೆಯೂ ಬಲಗಡೆ! ಇಪ್ಪತ್ತೆರಡು ವರ್ಷದಲ್ಲಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಕಾಣದ್ದು. ಕನ್ನಡಿಯೊಳಗಿನ ಮನುಷ್ಯನೊಬ್ಬ ಹೊರಗೆ ಬಂದು ನಿಂತಂತೆ. ಉಸಿರಕ್ಕ ಬಗ್ಗಿದಳು, ಇನ್ನೂ ಬಗ್ಗಿದಳು. ಪರದೆಯ ಅಂಚುಗಳು ಮೆಲ್ಲಗೆ ಕಪ್ಪಾಗತೊಡಗಿದವು. ಕಾಲ ಕೆಳಗೆ ನೆಲ ಬಸ್ಸಿನಂತೆ ವಾಲಿತು.

ಕೊಕ್ಕರೆ, ಎಂದು ಎಲ್ಲಿಂದಲೋ ಅತ್ತೆಯ ದನಿ ನೆನಪಾಯಿತು.

"ಬಿಡಿ!" ಎಂದಳು ಉಸಿರಕ್ಕ ಗಟ್ಟಿಯಾಗಿ, ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದು. ಉದ್ದಕ್ಕೆ ಬಿಟ್ಟಳು, ಹೊಟ್ಟೆ ಒಳಸೇರುವವರೆಗೆ. ಪರದೆ ಮತ್ತೆ ಬೆಳಗಿತು.

ಕುಲುಮೆಯವನು ಅಂಗಿ ಹಾಕಿಕೊಳ್ಳುತ್ತಿದ್ದವನು ಬೆಚ್ಚಿ ನಿಂತ. "ನಾನು ಆಗ್ಲೇ ಬಿಟ್ನಲ್ಲಕ್ಕ?"

"ನಿಮಗಲ್ಲಣ್ಣ, ನನಗೆ."

ಆಮೇಲೆ ಕೂತು, ಎರಡು ನಿಮಿಷ ಉಸಿರಾಡಿ, ದೊಡ್ಡ ಡಾಕ್ಟರನ್ನು ಕರೆಸಿದಳು. ಡಾಕ್ಟರು ಪರದೆ ನೋಡಿ, ಅವನ ಎದೆಯ ಬಲಗಡೆ ಕೊಳವೆ ಇಟ್ಟು ಕೇಳಿ, ಹೆದರಬೇಡಪ್ಪ, ನೀನು ಹುಟ್ಟಿದ್ದೇ ಹೀಗೆ, ಏನೂ ತೊಂದರೆಯಿಲ್ಲ ಎಂದರು. ಅವನು ಎದೆಯ ಬಲಗಡೆ ಕೈಯಿಟ್ಟು ಮುಟ್ಟಿ ನೋಡಿಕೊಂಡ. ಆಮೇಲೆ ಮುಖವರಳಿತು.

"ಇದನ್ನ ಒಂದು ಕಾಗದದಲ್ಲಿ ಬರೆದುಕೊಡಿ ಸಾರ್. ನನ್ನ ಹೆಂಡ್ತಿ ಎದೆ ಮೇಲೆ ತಲೆ ಇಟ್ಟಾಗೆಲ್ಲ, ನಿಮಗೆ ಹೃದಯಾನೇ ಇಲ್ಲ ಕಣ್ರೀ ಅಂತಾಳೆ. ಹನ್ನೆರಡು ವರ್ಷದಿಂದ ತಪ್ಪು ಕಡೆ ಹುಡುಕ್ತಾ ಇದ್ದಾಳೆ."

ನೂರಾ ಹತ್ತನೆಯವರು ಮುಗಿಯುವಾಗ ಸಂಜೆ ಐದಾಗಿತ್ತು. ಉಸಿರಕ್ಕ ನಿಂತಿದ್ದಳು.

ತಪಾಸಣೆಯ ದಿನ ಅವಳ ಸರದಿ ಬಂದಾಗ ಚಿತ್ರ ತೆಗೆಯಲು ಬೇರೆ ಯಾರೂ ಇರಲಿಲ್ಲ. ದೊಡ್ಡ ಡಾಕ್ಟರೇ ತೋಳು ಮಡಚಿಕೊಂಡು ಗಾಜಿನ ಹಿಂದೆ ನಿಂತರು. ಉಸಿರಕ್ಕ ಫಲಕಕ್ಕೆ ಎದೆ ತಾಗಿಸಿದಳು. ಫಲಕ ತಣ್ಣಗಿತ್ತು, ಇಷ್ಟು ವರ್ಷ ಯಾರೂ ಅದನ್ನು ಹೇಳಿರಲಿಲ್ಲವಲ್ಲ ಎಂದುಕೊಂಡಳು.

"ಈ ತಿಂಗಳು ಬೀಳಲಿಲ್ಲ, ನೋಡಿದೀನಿ" ಎಂದರು ಡಾಕ್ಟರು ಗುಂಡಿಯ ಮೇಲೆ ಬೆರಳಿಟ್ಟು. "ಅಂತೂ ಯಾವುದು ಮಾಡಿದ್ರಿ? ಯಾವ ಯೋಗ?"

"ಎಲ್ಲಾ ಮಾಡಿದೆ ಸರ್. ಎಲ್ಲಾ ಒಂದೇ ಅಲ್ಲ."

"ಹೌದಾ? ಆಮೇಲೆ ಹೇಳಿ. ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ."

ಟಿಕ್. ಉಸಿರಕ್ಕ ತಾನಾಗಿಯೇ ಬಿಟ್ಟಳು. ಕತ್ತು ತಿರುಗಿಸಿ ನೋಡಿದರೆ ಡಾಕ್ಟರು ಆಗಲೇ ಪರದೆಯೊಳಗೆ ಇಳಿದುಬಿಟ್ಟಿದ್ದರು. ಬಾಯಿ ಅರೆತೆರೆದಿತ್ತು, ಬೆರಳು ಗಾಳಿಯಲ್ಲಿ ಎಣಿಸುತ್ತಿತ್ತು.

"ಎಷ್ಟಿದೆ ಸರ್?"

ಡಾಕ್ಟರು ಸುಮ್ಮನಿರಿ ಎಂಬಂತೆ ಇನ್ನೊಂದು ಕೈ ಎತ್ತಿದರು. ಉಸಿರಕ್ಕ ಗಾಜಿನಾಚೆ ಅವರ ಬಿಳಿ ಕೋಟಿನ ಮೇಲಿನ ಗುಂಡಿಯನ್ನೇ ನೋಡಿದಳು. ಹತ್ತು ಎಣಿಸಿದಳು, ಹದಿನೈದು ಎಣಿಸಿದಳು. ಗುಂಡಿ ಅಲ್ಲಾಡಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಎದುರು ಒಂದು ಮಾತನ್ನೂ ಆಡದವಳು ಫಲಕ ಬಿಟ್ಟು ಈಚೆ ಬಂದು, ಗಾಜನ್ನು ಬೆರಳಿನಿಂದ ಟಕಟಕ ತಟ್ಟಿದಳು.

"ಮೊದಲು ಬಿಡಿ ಡಾಕ್ಟ್ರೇ. ಆಮೇಲೆ ಎಣಿಸಿ."